ಅಂಟಿನುಂಡಿ ಡಬ್ಬಿಯೂ ತೊಲೆಯ ಹಗ್ಗವೂ

ಹೋದ ಸೋಮವಾರ ದೇವದುರ್ಗದಿಂದ ರಾಯಚೂರಿಗೆ ಹೊರಟ ಬಸ್ಸಿನಲ್ಲಿ ನನಗೂ ನಮ್ಮಕ್ಕನಿಗೂ ಪುಣ್ಯಕ್ಕೆ ಸೀಟು ಸಿಕ್ಕಿತ್ತು. ಗಬ್ಬೂರಿನಲ್ಲಿ ಒಬ್ಬ ಹೆಂಗಸು ಹತ್ತಿ, ಹೇಳದೆ ಕೇಳದೆ ನಮ್ಮಿಬ್ಬರ ನಡುವೆ ತೂರಿ ಕುಳಿತಳು. ತೊಡೆಯ ಮೇಲೊಂದು ತಗಡಿನ ಡಬ್ಬಿ. ಮುಚ್ಚಳ ಬಿಗಿಯಾಗಿದ್ದರೂ ತುಪ್ಪದ ವಾಸನೆ ಬಸ್ಸಿಗೆಲ್ಲ ಹರಡಿತು. (ನಮ್ಮ ಕಡೆಯವರಿಗೆ ಈ ವಾಸನೆಯ ಹೆಸರು ಹೇಳಬೇಕಿಲ್ಲ. ಅಂಟಿನುಂಡಿ.)

"ಬಾಣಂತಿ ಯಾರವ್ವಾ?" ಎಂದೆ. ಮತ್ತೇನು ಕೇಳುವುದು? ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಕಟ್ಟುವ ಈ ಉಂಡೆ ಬಾಣಂತಿಯ ಸೊಂಟಕ್ಕೆಂದೇ ಇರುವುದಲ್ಲವೇ?

"ಬಾಣಂತಿ ಅಲ್ರೀ ಯಕ್ಕಾ, ನಮ್ಮ ತಮ್ಮ. ಬಾವಿ ತೋಡಾಕ ಹೋಗಿ ಬಿದ್ದಾನ. ಸೊಂಟದ ಕೆಳಗ ಜೀವಾನೇ ಇಲ್ಲ. ರಾಯಚೂರು ದವಾಖಾನ್ಯಾಗ ಮಲಗ್ಯಾನ. ಸೊಂಟಕ್ಕ ಶಕ್ತಿ ಬರ್ಲಿ ಅಂತ ಒಯ್ಯಾಕತ್ತೀನಿ."

ಅಲ್ಲಿಯತನಕ ಕಿಟಕಿಯಾಚೆ ನೋಡುತ್ತಿದ್ದ ಅಕ್ಕ ಈ ಕಡೆ ತಿರುಗಿದಳು.

ಅಕ್ಕ ಯಾಕೆ ತಿರುಗಿದಳು ಎಂದು ಹೇಳಬೇಕು. ಅವಳ ಗಂಡ, ಅಂದರೆ ನಮ್ಮ ಭಾವ, ಮಾನ್ವಿ ತಾಲೂಕಿನ ಮಲ್ಲಟದವರು. ಎಮರ್ಜೆನ್ಸಿಗಿಂತ ಮುಂಚಿನ ಮಾತು. ಹುಣಸೆಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಕಾಲು ಹೋದವು, ತೋಳು ಉಳಿದವು. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಅಕ್ಕನಿಗೆ ಬಿಡಿಸಿ ಹೇಳಿದ್ದರು. "ಕಾಲಿನ ಆಸೆ ಬಿಡ್ರಿ. ಆದ್ರ ತೋಳಿಗೆ ದಿನಾ ದಣಿವಾಗೋ ಹಂಗ ಕೆಲಸ ಕೊಡ್ರಿ. ಸುಮ್ನ ಕೂತ ಮೈಯಾಗ ಹಾರ್ಟು ಲಗೂನ ಕೆಡ್ತದ."

ಭಾವ ಮನೆಗೆ ಬಂದವರೇ ಮಂಚದ ಮೇಲಿನ ತೊಲೆಗೊಂದು ಹಗ್ಗ ಕಟ್ಟಿಸಿದರು. ಬೆಳಿಗ್ಗೆ, ಸಂಜೆ ಅದನ್ನು ಹಿಡಿದು ಮೈ ಎತ್ತುವುದು, ಇಳಿಸುವುದು. ಬೆವರು ಕಿತ್ತು ಬರುತ್ತಿತ್ತು, ಮುಖ ಅರಳುತ್ತಿತ್ತು.

ನಮ್ಮೂರುಗಳಲ್ಲಿ ರೋಗಿಗಿಂತ ರೋಗಿಯನ್ನು ನೋಡಲು ಬಂದವರದೇ ಮಾತು ಜಾಸ್ತಿ. "ಮಲಗಿದಾವನ ತಲಿ ಮ್ಯಾಲ ಹಗ್ಗ ಯಾಕ ಬೇ? ಸಾಯಾಕ ದಾರಿ ತೋರ್ಸಾಕತ್ತೀಯೇನು?" ಎಂದು ಒಬ್ಬರು ಅಕ್ಕನನ್ನು ಕೇಳಿದರು. "ಮುರದ ಮೈ ಹಿಂಗ ದಣಿಸ್ತಾರೇನು?" ಎಂದು ಇನ್ನೊಬ್ಬರು. ಅಕ್ಕ ಹೆದರಿದಳು. ಅವಳ ಅತ್ತೆ ಹಗ್ಗ ಕೊಯ್ಯಲು ಕುಡುಗೋಲು ತಂದರು.

"ಯವ್ವಾ, ಅದೊಂದು ಬಿಡು. ಅದನ್ನ ಹಿಡದಾಗ ನಾ ಇನ್ನೂ ಬದುಕೀನಿ ಅನ್ನಿಸ್ತದ," ಎಂದು ಭಾವ ಬೇಡಿದರು.

"ನೀ ಸುಮ್ನ ಕೂಡಪ್ಪಾ, ಮಾಡಾಕ ನಾವಿಲ್ಲೇನು?" ಎಂದು ತಾಯಿ ಹಗ್ಗ ಕೊಯ್ದರು, ಕಣ್ಣೊರೆಸಿಕೊಂಡು ಮಗನ ಬಾಯಿಗೆ ಅಂಟಿನುಂಡಿ ಇಟ್ಟರು.

ಅದು ಪ್ರೀತಿಯೇ. ಅಲ್ಲ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಬಂದವರೆಲ್ಲ ಉಂಡೆ ತಂದರು. ನೀರಿನ ತಂಬಿಗೆಯನ್ನು ಕೂಡ ಭಾವ ಎತ್ತಬಾರದು. ಹೊಟ್ಟೆ ಬಂತು, ತೋಳು ಜೋತುಬಿದ್ದವು. "ಮೈ ಕೈ ತುಂಬ್ಯಾನ, ಹೆಂಡ್ತಿ ಚಲೋ ನೋಡ್ಕೊಂಡಾಳ" ಎಂದು ಜನ ಹೊಗಳಿದರು. (ಆ ಹೊಗಳಿಕೆ ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.) ಕೆಲವು ವರ್ಷ ಹೀಗೆ ಕಳೆದು ಒಂದು ಮಧ್ಯಾಹ್ನ ಭಾವ ಊಟದ ತಟ್ಟೆಯ ಮುಂದೆಯೇ ಕುಸಿದರು. ಬೆನ್ನಿನ ಪೆಟ್ಟಲ್ಲ, ಹಾರ್ಟ್ ಅಟ್ಯಾಕ್. ಅವತ್ತಿನಿಂದ ಅಕ್ಕನದು ಒಂದೇ ಹಲುಬು, "ನಾ ಇನ್ನೊಂದು ಹಗ್ಗ ಕಟ್ಟಬೇಕಿತ್ತು."

ಬಸ್ಸಿನಲ್ಲಿ ಅಕ್ಕ ಆ ಹೆಂಗಸಿನ ಕೈ ಹಿಡಿದಳು. "ಯವ್ವಾ, ಉಂಡಿ ಒಂದೆರಡು ಸಾಕು. ಡಾಕ್ಟ್ರಿಗೆ ಕೇಳಿ ನಿಮ್ಮ ತಮ್ಮನ ಮಂಚದ ಮ್ಯಾಲ ಒಂದು ಹಗ್ಗ ಕಟ್ಟಿಸ್ರಿ. ತೋಳು ದಣೀಲಿ. ನಮ್ಮ ಮನ್ಯಾಗ ಕಟ್ಟಿದ ಹಗ್ಗ ಕೊಯ್ಯಾಕ ಬಿಟ್ಟು ನಾ ಗಂಡನ್ನ ಕಳಕೊಂಡೀನಿ."

ಆಕೆ ಒಮ್ಮೆ ಅಕ್ಕನ ಕುಂಕುಮವಿಲ್ಲದ ಹಣೆ ನೋಡಿದಳು. ಡಬ್ಬಿ ಅವುಚಿಕೊಂಡು ಎದ್ದಳು. "ದವಾಖಾನಿಗೆ ಹೊಂಟಾಕಿ ಮುಂದ ಎಂಥ ಮಾತಾಡ್ತೀ ಯವ್ವಾ," ಎಂದು ಡ್ರೈವರನ ಹಿಂದೆ ಹೋಗಿ ನಿಂತುಬಿಟ್ಟಳು. ರಾಯಚೂರು ಬರುವತನಕ ಕೂರಲಿಲ್ಲ.

"ಬಿಡು," ಎಂದಳು ಅಕ್ಕ, "ನಾನೂ ಅವತ್ತು ಹಂಗ ಹೆದರಿದ್ದೆ."

ಮಲಗಿದವನ ಬಾಯಿಗೆ ಉಂಡೆ ಇಡಲು ಊರಿಗೆ ಊರೇ ಬರುತ್ತದೆ, ಅವನ ಕೈಗೊಂದು ಹಗ್ಗ ಕೊಡಲು ಯಾರು ಬರುತ್ತೀರಿ?