ಹನ್ನೊಂದು ಸಲ ಗೋವಾಕ್ಕೆ ಹೋದವನು

ಕಡಬದ ಆಸುಪಾಸಿನಲ್ಲಿ ಹನ್ನೊಂದು ಸಲ ಗೋವಾಕ್ಕೆ ಹೋಗಿ ಬಂದವರು ಯಾರಾದರೂ ಇದ್ದರೆ ಅದು ಲೂಕೋಸ್ ಒಬ್ಬನೇ. ಅಲ್ಲಿ ಅವನು ಕಂಡದ್ದು ಮಾತ್ರ ಬಸ್ಸು ನಿಲ್ಲಿಸುವ ಜಾಗಗಳನ್ನು. ಯಾವ ಬೀಚಿನ ಹತ್ತಿರ ನಲ್ಲಿಯಲ್ಲಿ ನೀರು ಬರುತ್ತದೆ, ಯಾವ ಕೋಟೆಯ ಕೆಳಗೆ ಒಲೆಗೆ ಗಾಳಿ ತಾಗದ ಮೂಲೆ ಇದೆ, ಇದನ್ನೆಲ್ಲ ಕಣ್ಣು ಮುಚ್ಚಿಕೊಂಡು ಹೇಳಿಯಾನು. ಸಮುದ್ರ ಹೇಗಿದೆ ಎಂದು ಕೇಳಬಾರದು, ಅಷ್ಟೇ.

ಲೂಕೋಸ್ ಟೂರ್ ಬಸ್ಸಿನ ಅಡುಗೆಯವನು. ಪುತ್ತೂರು, ಸುಳ್ಯದ ಕಡೆಯಿಂದ ಪ್ರವಾಸ ಹೊರಡುವವರು ಒಂದು ವಿಷಯದಲ್ಲಿ ಭಾರೀ ಹಟದವರು. ಎಷ್ಟು ದೂರ ಹೋದರೂ ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಅನ್ನವೇ ಆಗಬೇಕು; ಬೆಳ್ತಿಗೆಯ ಬಿಳಿ ಅನ್ನ ಬಡಿಸಿದರೆ ಉಂಡೇ ಇಲ್ಲವೆಂಬಂತೆ ಮುಖ ಮಾಡುತ್ತಾರೆ. ಕುಚ್ಚಲಕ್ಕಿಗೋ ಅವಸರವೆಂಬುದೇ ಗೊತ್ತಿಲ್ಲ. ಒಂದೂವರೆ ಗಂಟೆ ಕುದಿಯದೆ ಮೆತ್ತಗಾಗುವುದಿಲ್ಲ. ಜನ ಇಳಿದು, ನೋಡಿ, ಫೋಟೋ ತೆಗೆಸಿಕೊಂಡು ಬರುವಷ್ಟರಲ್ಲಿ ಅನ್ನ ಬಸಿದಿರಬೇಕು. ಅವರು ಉಂಡು ಕೈ ತೊಳೆದರೋ ಇಲ್ಲವೋ, ಬಸ್ಸು ಮುಂದಿನ ಜಾಗಕ್ಕೆ ಹೊರಟಾಯಿತು.

ಇಷ್ಟನ್ನು ಹೆಂಡತಿ ಅಲ್ಫೋನ್ಸಾಳಿಗೆ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಮೊದಲ ಸಲ ಅವನು ಮನೆಗೆ ಬಂದಾಗ ಆಕೆ ಚಾ ಕೊಟ್ಟು, ಎದುರು ಕೂತು, "ಎಂತೆಲ್ಲ ನೋಡಿದ್ದು?" ಎಂದು ಕೇಳಿದ್ದಳು. ಆ ಮುಖ ನೋಡಿದ ಮೇಲೆ "ಪಾರ್ಕಿಂಗ್ ನೋಡಿದೆ" ಎನ್ನಲು ಯಾವ ಗಂಡಸಿಗೆ ಬಾಯಿ ಬಂದೀತು? ಬಸ್ಸಿನಲ್ಲಿ ಹೆಂಗಸರು ಮಾತಾಡಿಕೊಂಡದ್ದನ್ನೆಲ್ಲ ಜೋಡಿಸಿ, ಮೀರಾಮಾರ್ ಬೀಚಿನ ಮರಳು, ಅಗ್ವಾಡ ಕೋಟೆ ಎಂದು ತಾನೇ ಕಂಡವನಂತೆ ಹೇಳಿದ. ಮಕ್ಕಳಿಲ್ಲದ ಮನೆ. ಆ ಕಥೆಯಲ್ಲಿ ಇಬ್ಬರಿಗೂ ಒಂದು ವಾರ ಸುಖವಾಗಿ ಕಳೆಯಿತು. ಮುಂದೆ ಪ್ರತಿ ಸಲವೂ ಹಾಗೆಯೇ ಆಯಿತು.

ಎರಡನೆಯ ಸಲ ಹೊರಡುವಾಗ ಆಕೆ ತನ್ನ ಜಪಮಣಿ ಕೊಟ್ಟು ಕಳಿಸಿದಳು. ಹಳೆ ಗೋವಾದ ಇಗರ್ಜಿಯಲ್ಲಿ ಸಂತ ಝೇವಿಯರರ ದೇಹವಿರುವ ಬೆಳ್ಳಿ ಪೆಟ್ಟಿಗೆಗೆ ಅದನ್ನು ಮುಟ್ಟಿಸಿ ತರಬೇಕು. ಲೂಕೋಸ್ ಅದನ್ನು ಕಿಸೆಯಲ್ಲಿಟ್ಟುಕೊಂಡು ಇಗರ್ಜಿಯ ಹೊರಗೆ ಸಾಂಬಾರಿಗೆ ಒಗ್ಗರಣೆ ಹಾಕಿದ. ಮನೆಗೆ ಬಂದು "ಮುಟ್ಟಿಸಿದೆ" ಎಂದ. ಆಕೆ ಕಣ್ಣಿಗೊತ್ತಿಕೊಂಡಳು. ಹೋದ ವರ್ಷ ಅಲ್ಫೋನ್ಸಾ ತೀರಿಕೊಂಡಾಗ ಅದೇ ಜಪಮಣಿಯನ್ನು ಅವಳ ಕೈಗೆ ಸುತ್ತಿ ಮಣ್ಣು ಮಾಡಿದರು.

ಅಂದಿನಿಂದ ಅವನಿಗೆ ಒಂದೇ ಯೋಚನೆ. ಒಮ್ಮೆಯಾದರೂ ಒಳಗೆ ಹೋಗಬೇಕು, ಆ ಪೆಟ್ಟಿಗೆಯನ್ನು ತನ್ನ ಕೈಯಿಂದ ಮುಟ್ಟಬೇಕು. ಹೇಳಿದ ಸುಳ್ಳು ತಡವಾಗಿಯಾದರೂ ನಿಜವಾಗಲಿ.

ಈ ಜನವರಿಯಲ್ಲಿ ಕಾಣಿಯೂರಿನ ಮಹಿಳಾ ಸಂಘದವರು ಗೋವಾಕ್ಕೆ ಹೊರಟರು; ಲೂಕೋಸನಿಗೆ ಅದು ಹನ್ನೆರಡನೆಯ ಸಲ. ಹಳೆ ಗೋವಾಕ್ಕೆ ಹೋಗುವ ದಿನ ಲೂಕೋಸ್ ಬೆಳಗ್ಗೆ ತಂಗಿದ್ದ ಲಾಡ್ಜಿನ ಅಂಗಳದಲ್ಲೇ ಅಕ್ಕಿ ಬೇಯಲಿಟ್ಟ. ಅರ್ಧ ಬೆಂದ ಪಾತ್ರೆಯನ್ನು ಗೋಣಿ, ಕಂಬಳಿಗಳಲ್ಲಿ ಬಿಗಿಯಾಗಿ ಸುತ್ತಿ ಹಿಂದಿನ ಸೀಟಿನ ಕೆಳಗಿಟ್ಟ. ಹಳೆ ಗೋವಾ ತಲುಪಿ ಮುಚ್ಚಳ ತೆಗೆದರೆ ಅನ್ನ ತನ್ನ ಬಿಸಿಯಲ್ಲೇ ಬೆಂದು ಹದವಾಗಿತ್ತು. ಇಷ್ಟು ವರ್ಷ ಈ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಅಲ್ಫೋನ್ಸಾ ಇದ್ದಾಗ ಹೊಳೆಯಲಿಲ್ಲವಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ.

"ಸ್ವಲ್ಪ ನೋಡಿಕೊಳ್ಳಿ, ಒಳಗೆ ಹೋಗಿ ಬರ್ತೇನೆ" ಎಂದು ಡ್ರೈವರ್ ಅಲಿ ಕುಂಞಿಗೆ ಹೇಳಿದ.

"ಹೋಗಿ ಮಾರಾಯ್ರೆ, ಅನ್ನ ಎಂತ ಓಡಿ ಹೋಗ್ತದಾ?"

ಒಳಗೆ ತಂಪಾಗಿತ್ತು. ಸಾಲಿನಲ್ಲಿ ಮೆಲ್ಲ ಸರಿಯುತ್ತಾ ಲೂಕೋಸ್ ಎದೆಯ ಮಟ್ಟದಲ್ಲಿ ಪೆಟ್ಟಿಗೆಯನ್ನು ಹುಡುಕಿದ. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಅವನೂ ನೋಡಿದ. ಅಮೃತಶಿಲೆಯ ದೊಡ್ಡ ಕಟ್ಟೆಯ ತುದಿಯಲ್ಲಿ, ಮನೆಯ ಮಾಡಿನಷ್ಟು ಎತ್ತರದಲ್ಲಿ ಬೆಳ್ಳಿ ಪೆಟ್ಟಿಗೆ ಕೂತಿತ್ತು. ಮುಟ್ಟಲು ಎಲ್ಲಿಂದ ಹೋಗಬೇಕೆಂದು ಕಾವಲಿನವನನ್ನು ಹರಕು ಹಿಂದಿಯಲ್ಲಿ ಕೇಳಿದ. ಅವನು ನಕ್ಕು, ಇಲ್ಲಿ ಯಾರೂ ಮುಟ್ಟುವ ಹಾಗಿಲ್ಲ, ಕೆಳಗೆ ನಿಂತು ನೋಡಿ ಹೋಗುವುದಷ್ಟೇ ಎಂದ.

ಲೂಕೋಸನ ಕಾಲು ಅಲ್ಲೇ ನಿಂತುಬಿಟ್ಟಿತು. ಊರಿನ ಇಗರ್ಜಿಯ ಎಷ್ಟೋ ಜನ ಇಲ್ಲಿಗೆ ಬಂದು ಹೋದವರು. ಅವರಲ್ಲಿ ಒಬ್ಬರಾದರೂ ಇದನ್ನು ಅಲ್ಫೋನ್ಸಾಳಿಗೆ ಹೇಳದೆ ಇದ್ದಾರೆಯೇ? ಗೊತ್ತಿದ್ದೂ ಆಕೆ ಮುಂದಿನ ಸಲ ಅದೇ ಮುಖದಲ್ಲಿ ಎದುರು ಕೂತು ಕೇಳಿದಳೇ, ಇವನು ಹೇಳಲೆಂದು? ಇನ್ನು ಯಾರನ್ನು ಕೇಳುವುದು? ಹಿಂದಿನವರು ಭುಜಕ್ಕೆ ಕೈ ಹಾಕಿ ಮುಂದೆ ತಳ್ಳಿದರು.

ಬಡಿಸುವಾಗ ಸಂಘದ ಕುಮುದಿನಿ ತಟ್ಟೆ ಹಿಡಿದುಕೊಂಡು ಬಂದಳು.

"ಲೂಕೋಸಣ್ಣ, ಇವತ್ತು ನೀವು ಸಹ ಒಳಗೆ ಹೋದಿರಂತೆ! ಎಂತ ನೋಡಿದ್ದು?"

ಕಾಣದ್ದನ್ನು ಹನ್ನೊಂದು ಸಲ ತಡವರಿಸದೆ ಹೇಳಿದ ಬಾಯಿ. ಈಗ ಕಂಡದ್ದನ್ನೇ ಹೇಳಬೇಕಿತ್ತು; ಅವನು ಅನ್ನದ ಸೌಟನ್ನು ಪಾತ್ರೆಗೆ ಇಳಿಸಿದ.

"ಪೆಟ್ಟಿಗೆ ಎತ್ತರದಲ್ಲಿ ಉಂಟು, ಅಕ್ಕ," ಎಂದ. "ಕೈ ಎಟಕುದಿಲ್ಲ."

ಇಷ್ಟಕ್ಕೆ ಈ ಮನುಷ್ಯ ಯಾಕೆ ಅಳುತ್ತಾನೆಂದು ಅವಳಿಗೆ ತಿಳಿಯಲಿಲ್ಲ.