ಬೈಗುಳಕ್ಕೆ ನಿಂತ ಲೇಸರ್

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಬಾಯಿ ತೆರೆದರೆ ನಕ್ಕು ಮುಚ್ಚಿಸುತ್ತಿದ್ದವಳು ನಾನು. ಭೌತಶಾಸ್ತ್ರ ಓದಿದ ಸೊಕ್ಕು. ದೆವ್ವಗಿವ್ವ ಈಗಲೂ ನಂಬುವುದಿಲ್ಲ. ಆದರೆ ಇದೊಂದನ್ನು ನೆನೆದರೆ ಮೈ ಉರಿಯುತ್ತದೆ.

ಆಗಿನ್ನೂ ಕಲಬುರಗಿಗೆ ಗುಲ್ಬರ್ಗಾ ಎಂದೇ ಹೆಸರು. ದಿನಾ ಕಮಲಾಪುರದಿಂದ ಬಸ್ಸಿಗೆ ಬಂದು ಪಿಎಚ್.ಡಿ. ಮಾಡುತ್ತಿದ್ದೆ. ಚಿಕ್ಕ ಪರಮಾಣು ಗಡಿಯಾರಕ್ಕೆ ಬೇಕಾದ ಲೇಸರನ್ನು ಅಲುಗದಂತೆ ನಿಲ್ಲಿಸುವುದು ನನ್ನ ಕೆಲಸ. ಅದರ ಬಣ್ಣ ಕೂದಲೆಳೆಯಷ್ಟು ಸರಿದರೂ ಗಡಿಯಾರ ಸುಳ್ಳು ಹೇಳುತ್ತದೆ. ಸರಿದದ್ದನ್ನು ಹಿಂದಕ್ಕೆ ತರಲೆಂದೇ ಒಂದು ತಿದ್ದುವ ವೈರ್ ಇತ್ತು. ಅದಿದ್ದರೂ ಬಾಗಿಲು ಬಡಿದರೆ, ಯಾರಾದರೂ ಜೋರಾಗಿ ಕೆಮ್ಮಿದರೆ, ಲೇಸರ್ ನಿಂತಿದೆಯೇ ಎಂದು ತೋರಿಸುವ ಪರದೆಯ ಮೇಲಿನ ಗೆರೆ ಹಾರಿಬಿಡುತ್ತಿತ್ತು. ನಮ್ಮ ಕಡೆಯ ಮಂದಿಗೋ ಮೆಲ್ಲಗೆ ಮಾತಾಡಿ ಗೊತ್ತೇ ಇಲ್ಲ! 'ಬಾಗಿಲು ಬಡಿಯಬೇಡಿ' ಎಂದು ಚೀಟಿ ಅಂಟಿಸಿದೆ. ಅದನ್ನು ಓದಿದವರೇ ಬಡಿದು, "ಒಳಗ ಇದ್ದೀರೇನ್ರೀ?" ಎಂದು ಕೂಗುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಗೈಡ್ ಬಾಗಿಲು ದೂಡಿಕೊಂಡು ಬಂದರು.

"ಮೂರು ವರ್ಷ ಆಯ್ತು, ಒಂದ್ ತಾಸು ನಿಲ್ಲಸ್ಲಾಕ ಬರಲಿಲ್ಲ ನಿನಗ. ನಾಳಿಗಿ ಎಲ್ಲಾ ಬಿಚ್ಚು, ಲೇಸರ್ ಬ್ಯಾರೆಯವರಿಗಿ ಕೊಡ್ತೀನಿ. ನೀ ಮದಿವಿ ಮಾಡ್ಕೊಂಡು ಆರಾಮ ಇರು!"

ಲೇಸರ್ ಹೋದರೆ ನನ್ನ ಪಿಎಚ್.ಡಿ.ಯೂ ಹೋದಂತೆ. ನೆತ್ತಿಗೇರಿತು ಸಿಟ್ಟು.

"ಬಿಚ್ಚಂಗಿಲ್ರೀ ಸರ್. ನೀವು ಬಾಯಿ ಬಂದ್ ಮಾಡಿದ್ರ ಅದು ತಾನೇ ನಿಲ್ತದ!"

ಅವರು ಮೇಜು ಗುದ್ದಿದರು. ನಾನು ಅರಚಿದೆ. ಅವರು ಇನ್ನೂ ಜೋರಾಗಿ ಅರಚಿ ಮತ್ತೆ ಗುದ್ದಿದರು. ಪರದೆಯ ಗೆರೆ ಕದಲಲಿಲ್ಲ. ಅದನ್ನು ಕಂಡು ಜಗಳ ಬಿಟ್ಟು ಇಬ್ಬರೂ ಪರದೆಯತ್ತ ಬಗ್ಗಿದೆವು. ಸಂಜೆಯವರೆಗೂ ಅದು ಹಾಗೆಯೇ ನಿಂತಿತ್ತು, ನಾನು ಅಳತೆ ತೆಗೆದುಕೊಂಡೆ. ಸರ್ "ಶಾಬಾಸ್" ಎಂದು ಹೊರಟುಹೋದರು.

ಎಲ್ಲ ಮುಚ್ಚಿಡಲು ಬಗ್ಗಿದಾಗ ಕಂಡಿತು. ತಿದ್ದುವ ವೈರು ಕಿತ್ತುಬಂದು ಮೇಜಿನ ಕೆಳಗೆ ನೇತಾಡುತ್ತಿತ್ತು. ಮೊದಲ ಗುದ್ದಿಗೇ ಕಿತ್ತುಬಂದಿರಬೇಕು. ಹಿಡಿಯುವವರಿಲ್ಲದೆ ಲೇಸರ್ ಇಷ್ಟು ಹೊತ್ತು ಹೇಗೆ ನಿಂತಿತು? ವೈರನ್ನು ಮತ್ತೆ ಸಿಕ್ಕಿಸಿದೆ. ಗೆರೆ ತಕ್ಷಣ ಹಾರಿತು.

ಮರುದಿನ ಹೇಳಿದರೆ ಸರ್ ನಂಬಲಿಲ್ಲ. "ನಿನ್ನ ಕಣ್ಣಿಗಿ ಏನೋ ಆಗ್ಯದ. ಆ ಅಳತೀನೇ ಹಾಕಿ ಥೀಸಿಸ್ ಬರಿ" ಎಂದರು. ಬರೆದಿದ್ದರೆ ಆ ವರ್ಷವೇ ಡಾಕ್ಟರೇಟ್ ಬರುತ್ತಿತ್ತು. ವೈರೇ ಇಲ್ಲದೆ ಬಂದ ಅಳತೆಯನ್ನು ನನ್ನ ಕೆಲಸವೆಂದು ಬರೆಯಲಿಲ್ಲ. ಮೊದಲಿನಿಂದ ಶುರುಮಾಡಿದೆ, ಮತ್ತೆರಡು ವರ್ಷ ಸವೆಯಿತು. ಸರ್ ಮಾತ್ರ ಕಂಡಕಂಡವರಿಗೆ ಹೇಳುತ್ತ ತಿರುಗಿದರು: "ನಾ ಬೈದ ಮ್ಯಾಲೇ ನಿಂತದ ನೋಡ್ರಿ!"

ಕಾಕತಾಳೀಯ ಎನ್ನುತ್ತೀರಾ? ಎನ್ನಿ. ನಾನೂ ಲೆಕ್ಕ ಹಾಕಿ ಹಾಕಿ ಸೋತಿದ್ದೇನೆ. ಉಸಿರು ಬಿಗಿಹಿಡಿದು ಅದನ್ನು ಮೂರು ವರ್ಷ ಸಂಬಾಳಿಸಿದವಳು ನಾನು. ನನಗೆ ಒಂದು ತಾಸೂ ನಿಲ್ಲದ್ದು, ಮೇಜು ಗುದ್ದಿದವನ ಮುಂದೆ ಅದೇಕೆ ಕೈಕಟ್ಟಿ ನಿಂತಿತು?