ದಾರಿಗೆ ನಾನು ಹಾಕಿದ ಅಂಕಿ

ನಮ್ಮ ಮುಳಬಾಗಿಲು ಕಡೆ ಯಾರನ್ನಾದರೂ ದಾರಿ ಕೇಳಿ ನೋಡಿ. ಎರಡು ಗುಡ್ಡ ದಾಟಬೇಕಿದ್ದರೂ "ಇಲ್ಲೇ ಸಾರ್, ಸಲೀಸು" ಅನ್ನುತ್ತಾರೆ. ನಾನೂ ಅದೇ ನೀರು ಕುಡಿದವನು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಜಮೀನು ಅಳೆಯುವುದು ನನ್ನ ಕಸುಬು. ಅದಕ್ಕೆಂದು ಕೊಂಡ ಜಿಪಿಎಸ್ ಕೈಯಲ್ಲಿತ್ತು. ಒಂದು ದಿನ ಸೈಬರ್ ಸೆಂಟರಿನಲ್ಲಿ ಜಿಯೋಕ್ಯಾಶಿಂಗ್ ಎಂಬ ಆಟ ಕಣ್ಣಿಗೆ ಬಿತ್ತು. ಒಬ್ಬರು ಡಬ್ಬಿ ಬಚ್ಚಿಟ್ಟು ಜಾಗದ ಅಕ್ಷಾಂಶ, ರೇಖಾಂಶಗಳನ್ನು ನೆಟ್‌ನಲ್ಲಿ ಹಾಕುವುದು, ಇನ್ನೊಬ್ಬರು ಹುಡುಕಿ ಒಳಗಿನ ಪುಸ್ತಕದಲ್ಲಿ ಹೆಸರು ಬರೆಯುವುದು. ಪ್ರತಿ ಡಬ್ಬಿಗೂ ಒಂದರಿಂದ ಐದರೊಳಗೆ ಎರಡು ಅಂಕಿ: ಹುಡುಕುವುದೆಷ್ಟು ಕಷ್ಟ, ಹೋಗುವ ದಾರಿ ಎಷ್ಟು ಕಷ್ಟ.

ಊರಾಚೆ ಬಂಡೆಯ ಮೇಲಿನ ಹಳೇ ಮಂಟಪದಲ್ಲಿ ಸ್ಟೀಲ್ ಡಬ್ಬಿ ಇಟ್ಟು, ದಾರಿಗೆ ಒಂದು, ಅಂದರೆ ತೀರಾ ಸಲೀಸು, ಅಂತ ಹಾಕಿದೆ. ಮೇಕೆ ಕಾಯುವ ಮುದುಕಿ ಬರಿಗಾಲಲ್ಲಿ ಹತ್ತುತ್ತಾಳೆ, ಕಷ್ಟವೇನು ಬಂತು? ನಿಯಮ ಪೂರ್ತಿ ಓದುವ ತಾಳ್ಮೆ ಯಾರಿಗಿತ್ತು!

ಭಾನುವಾರ ಬರುತ್ತೇನೆಂದು ಬೆಂಗಳೂರಿನ ಹೆಂಗಸೊಬ್ಬರು ಬರೆದರು. ನನ್ನ ಡಬ್ಬಿಗೆ ಮೊದಲ ಗಿರಾಕಿ! ಬೆಳಿಗ್ಗೆಯೇ ಹೋಗಿ ಬಂಡೆಯ ಬುಡದಲ್ಲಿ ಕಾದೆ. ಕಾರು ಬಂತು. ಆಕೆಯ ಗಂಡ ಇಳಿದು ಡಿಕ್ಕಿಯಿಂದ ಗಾಲಿಕುರ್ಚಿ ತೆಗೆದರು.

ಆಕೆ ಬಂಡೆ ನೋಡಿದರು, ನನ್ನನ್ನು ನೋಡಿದರು. "ದಾರಿಗೆ ಒಂದು ಅಂದ್ರೆ ಗಾಲಿಕುರ್ಚಿ ಹೋಗತ್ತೆ ಅಂತ ಅಲ್ವಾ ಸಾರ್? ಆಕ್ಸಿಡೆಂಟ್ ಆಗಿ ಎರಡು ವರ್ಷ. ಒಂದನ್ನಾದ್ರೂ ನಾನೇ ಹೋಗಿ ಹುಡುಕ್ಬೇಕು ಅಂತ ಬಂದೆ."

ಥೂ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ! ಊರವರ ಬದುಗಳನ್ನೆಲ್ಲ ಅಂಗುಲ ಬಿಡದೆ ಅಳೆಯುವವನು ಮಾಡುವ ಕೆಲಸವೇ ಇದು?

"ನಾವಿಬ್ರೂ ಎತ್ಕೊಂಡು ಹೋಗ್ತೀವಿ ಬಿಡಿ ಮೇಡಂ," ಅಂದೆ.

"ಎತ್ತಿಸ್ಕೊಂಡು ಎತ್ತಿಸ್ಕೊಂಡು ಸಾಕಾಗಿದೆ."

"ಡಬ್ಬೀನೇ ಇಲ್ಲಿಗೆ ತರ್ಲಾ?"

"ಆಗ ಹುಡುಕಿದ್ದು ಯಾರು? ನೀವು."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ; ಗಂಡನಿಗೆ "ಹೊರಡೋಣ್ರೀ" ಅಂದರು.

"ಅರ್ಧ ಗಂಟೆ ಕೊಡಿ ಮೇಡಂ, ಕೈ ಮುಗೀತೀನಿ," ಅಂದವನೇ ಬಂಡೆ ಹತ್ತಿ ಡಬ್ಬಿ ತೆಗೆದುಕೊಂಡೆ. ಬೈಕಿನಲ್ಲಿ ಕೆರೆ ಏರಿಗೆ ಹೋದೆ. ಅಲ್ಲಿ ಟಾರು ರಸ್ತೆ ಸಮವಾಗಿತ್ತು. ಈ ಸಲ ಮಂಡಿಯೂರಿ ಕೂತು, ಕುರ್ಚಿಯಿಂದ ಕೈ ಎಲ್ಲಿಯವರೆಗೆ ನಿಲುಕೀತು ಎಂದು ಟೇಪು ಹಿಡಿದು ಅಳೆದು, ತಡೆಗೋಡೆಯ ಸಂದಿಯಲ್ಲಿ ಬಚ್ಚಿಟ್ಟು, ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡೆ. ದಾರಿ ಅಳೆಯುವುದನ್ನು ನಾನು ಕಲಿತದ್ದು ಆವತ್ತು. ಆ ಅರ್ಧ ಗಂಟೆ ಕಾದು ಕೂತದ್ದಕ್ಕೆ ಆಕೆಗೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ವಾಪಸ್ ಹೋಗಿ ಅವರ ಕಾರನ್ನು ಏರಿಗೆ ಕರೆತಂದೆ. ಅಲ್ಲಿ ಆಕೆ ನನ್ನ ಜಿಪಿಎಸ್ ಇಸಿದುಕೊಂಡು, "ಇಬ್ರೂ ಆ ಕಡೆ ತಿರುಗಿ. ನಿಮ್ಮ ಕಣ್ಣೇ ಜಾಗ ಹೇಳ್ಬಿಡತ್ತೆ," ಅಂದರು. ತಿರುಗಿ ನಿಂತೆವು. ಗಾಲಿಯ ಸದ್ದು ದೂರ ಹೋಯಿತು, ನಿಂತಿತು, ವಾಪಸ್ ಬಂತು. ಗಂಡ ಒಮ್ಮೆ ತಿರುಗಲು ಹೋದರು; ತೋಳು ಹಿಡಿದು ನಿಲ್ಲಿಸಿದೆ. ಬಿಸಿಲು ನೆತ್ತಿಗೇರಿತು. ಆಮೇಲೆ ಡಬ್ಬಿಯ ಮುಚ್ಚಳ ತೆರೆದ ಸದ್ದು.

ಇಬ್ಬರೂ ಓಡಲು ಹೊರಟೆವು.

"ರೀ, ಯಾರೂ ಬರ್ಬೇಡಿ!" ಆಕೆ ಅಲ್ಲಿಂದಲೇ ಕೂಗಿದರು. "ನಾನಿನ್ನೂ ಹೆಸರು ಬರೀತಿದೀನಿ."